ಬೆಂಗಳೂರಲ್ಲಿ ಹದಿನೈದು ದಿನ, ಒಂದು ತಿಂಗಳು ಇರಬೇಕಾ? ದಾವಣಗೆರೆ, ದುರ್ಗದವರಿಗೆ ಡಾರ್ಮಿಟರಿ ಹಿಡಿಯುವ ದಾರಿ

ದಾವಣಗೆರೆ, ಚಿತ್ರದುರ್ಗದಿಂದ ಬೆಂಗಳೂರಿಗೆ ಒಂದು ದಿನದ ಕೆಲಸ ಅಂದರೆ ಉಳಿಯುವ ಚಿಂತೆಯೇ ಇಲ್ಲ. ದುರ್ಗದಿಂದ ಸುಮಾರು 200 ಕಿಲೋಮೀಟರ್, ದಾವಣಗೆರೆಯಿಂದ 260. ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರಬಹುದು. ಕಷ್ಟ ಶುರುವಾಗುವುದು ಕೆಲಸ ಹದಿನೈದು ದಿನ, ಒಂದೂವರೆ ತಿಂಗಳು ಎಳೆದಾಗ. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅಪ್ಪನಿಗೆ ರೇಡಿಯೇಷನ್ ಕೊಡಿಸಬೇಕು ಅಂದರೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ವಾರಗಟ್ಟಲೆ ನಡೆಯುತ್ತದೆ. ಕೆಎಎಸ್ ಕೋಚಿಂಗಿನ ಕೊನೆಯ ಬ್ಯಾಚ್, ಸಾಫ್ಟ್‌ವೇರ್ ಕೋರ್ಸ್, ಸಾಲುಸಾಲು ಇಂಟರ್‌ವ್ಯೂ, ಹೈಕೋರ್ಟ್ ಕೇಸು (ನಮ್ಮ ಎರಡೂ ಜಿಲ್ಲೆ ಧಾರವಾಡ ಪೀಠಕ್ಕೆ ಸೇರುವುದಿಲ್ಲ, ಬೆಂಗಳೂರಿಗೇ ಹೋಗಬೇಕು), ಇವೆಲ್ಲ ಇದೇ ಬಗೆಯವು.

ಲಾಡ್ಜಲ್ಲಿ ರೂಮ್ ಮಾಡಿದರೆ ವಾರದೊಳಗೆ ಜೇಬು ಖಾಲಿ. ಪಿಜಿ ಅಂದರೆ ಅಡ್ವಾನ್ಸ್, ತಿಂಗಳ ಮೊದಲೇ ನೋಟಿಸ್, ಬಿಡುವಾಗ ಮೇಂಟೆನೆನ್ಸ್ ಅಂತ ಒಂದಿಷ್ಟು ಕಡಿತ. ನೆಂಟರ ಮನೆ ಇದೆ, ನಿಜ. ಆದರೆ ಎರಡು ರೂಮಿನ ಮನೆಯಲ್ಲಿ, ಅವರ ಮಕ್ಕಳ ಪರೀಕ್ಷೆ ನಡುವೆ, ಎಷ್ಟು ದಿನ ಅಂತ ಇರುವುದು ಅಲ್ವಾ? ಇಂಥ ಹೊತ್ತಿಗೆ ಡಾರ್ಮಿಟರಿ ನಿಜವಾಗಲೂ ಕೈ ಹಿಡಿಯುತ್ತದೆ. ರೂಮಿಗಲ್ಲ, ನೀವು ಮಲಗುವ ಒಂದು ಬೆಡ್ಡಿಗೆ ಮಾತ್ರ ದುಡ್ಡು ಕೊಡುತ್ತೀರಿ. ಬಾತ್‌ರೂಮ್, ಫ್ಯಾನು, ನೀರು ಎಲ್ಲರಿಗೂ ಸೇರಿ.

ನಮ್ಮ ಕಡೆ ಡಾರ್ಮಿಟರಿ ಅಂದರೆ ಇನ್ನೂ ಒಂಥರಾ ಅಳುಕು. ಅಪರಿಚಿತರ ಜೊತೆ ಮಲಗೋದಾ, ಸಾಮಾನು ಉಳಿಯುತ್ತಾ ಅಂತ ಮನೆಯಲ್ಲಿ ಕೇಳುತ್ತಾರೆ. ಆದರೆ ಊರಿಗೆ ಬಂದವರು ಒಂದೇ ಸೂರಿನಡಿ ಮಲಗುವುದು ನಮಗೆ ಹೊಸದೇನಲ್ಲ. ಬೆಂಗಳೂರು ರೈಲ್ವೆ ಸ್ಟೇಷನ್ ಹತ್ತಿರದ ಗುಬ್ಬಿ ತೋಟದಪ್ಪನವರ ಛತ್ರ ನೂರು ವರ್ಷಕ್ಕೂ ಹಿಂದಿನಿಂದ ಇದೆ. ನಮ್ಮ ಅಜ್ಜಂದಿರ ಕಾಲದವರು ಕೋರ್ಟು ಕಚೇರಿ ಅಂತ ಹೋದಾಗ ಛತ್ರವನ್ನೇ ನಂಬಿದ್ದರು. ಸರಿಯಾದ ಡಾರ್ಮಿಟರಿ ಹುಡುಕಿಕೊಳ್ಳುವುದು ಗೊತ್ತಿದ್ದರೆ ಸಾಕು. ಅದನ್ನೇ ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ.

ಮೊದಲು: ಎಷ್ಟು ದಿನ ಅಂತ ಲೆಕ್ಕ ಹಾಕಿ

ಒಂದೆರಡು ರಾತ್ರಿ ಆದರೆ ರೈಲ್ವೆ ಸ್ಟೇಷನ್ನಿನ ಡಾರ್ಮಿಟರಿಯೇ ಸಾಕು. ಐಆರ್‌ಸಿಟಿಸಿಯಲ್ಲಿ ರಿಟೈರಿಂಗ್ ರೂಮ್ ಜೊತೆಗೇ ಇದನ್ನೂ ಬುಕ್ ಮಾಡಬಹುದು. ಕನ್ಫರ್ಮ್ ಇಲ್ಲವೇ ಆರ್‌ಎಸಿ ಟಿಕೆಟಿನ ಪಿಎನ್‌ಆರ್ ಬೇಕು, ಗರಿಷ್ಠ 48 ಗಂಟೆ ಅಷ್ಟೇ. ಅದಕ್ಕಿಂತ ಜಾಸ್ತಿ ದಿನಕ್ಕೆ ಅದು ಆಗಿಬರುವುದಿಲ್ಲ.

ಒಂದು ವಾರದಿಂದ ಎರಡು ತಿಂಗಳವರೆಗೆ ಅಂದರೆ ಡಾರ್ಮಿಟರಿಯೇ ಲಾಭ. ಮೂರು ತಿಂಗಳು ದಾಟುತ್ತದೆ ಅಂತ ಖಾತ್ರಿ ಇದ್ದರೆ ಮಾತ್ರ ಪಿಜಿ ನೋಡಿ. ಪಿಜಿಯಲ್ಲಿ ಕೊಟ್ಟ ಅಡ್ವಾನ್ಸ್, ಕಡಿತ ಎಲ್ಲ ಆಗ ತಿಂಗಳುಗಳ ಮೇಲೆ ಹರಡಿ ಹಗುರವಾಗುತ್ತದೆ. ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಮೀರದ ವಸತಿಯಲ್ಲಿ ಸತತ 90 ದಿನ ಇದ್ದರೆ ಅದಕ್ಕೆ ಜಿಎಸ್‌ಟಿ ಇಲ್ಲ. 2024ರ ಜುಲೈನಿಂದ ಈ ವಿನಾಯಿತಿ ಇದೆ. ಹಾಸ್ಟೆಲ್, ಪಿಜಿಯವರು ಮೂರು ತಿಂಗಳ ಲೆಕ್ಕ ಹೇಳಿ ಮೇಲೆ ಟ್ಯಾಕ್ಸ್ ಅಂದರೆ ಈ ಮಾತು ಎತ್ತಿ. ಕಡಿಮೆ ದಿನ ಇದ್ದಾಗ, ಜಿಎಸ್‌ಟಿ ನೋಂದಣಿ ಇರುವ ಜಾಗದಲ್ಲಿ ಶೇಕಡಾ 5 ಬೀಳುತ್ತದೆ (2025ರ ಸೆಪ್ಟೆಂಬರ್ 22ಕ್ಕೆ ಮೊದಲು ಅದು 12 ಇತ್ತು). ಹೇಳಿದ ರೇಟು ಟ್ಯಾಕ್ಸ್ ಸೇರಿಯಾ, ಬಿಟ್ಟಾ ಅಂತ ಮೊದಲೇ ಕೇಳಿಬಿಡಿ.

ಎರಡನೆಯದು: ಏರಿಯಾ ಮೊದಲು, ರೇಟು ಆಮೇಲೆ

ನಾನು ಒತ್ತಿ ಹೇಳಬೇಕಾದ ಮಾತು ಇದು. ಬೆಡ್ಡಿನ ರೇಟನ್ನಷ್ಟೇ ನೋಡಿ ಜಾಗ ಆರಿಸಬೇಡಿ. ದಿನಕ್ಕೆ ಒಟ್ಟು ಎಷ್ಟು ಖರ್ಚು ಅಂತ ನೋಡಿ. ಮೆಜೆಸ್ಟಿಕ್ಕಿನಲ್ಲಿ 350 ರೂಪಾಯಿಗೆ ಬೆಡ್ ಸಿಕ್ಕಿತು ಅಂದುಕೊಳ್ಳಿ, ನಿಮ್ಮ ಕ್ಲಾಸ್ ಇರುವುದು ಮಾರತಹಳ್ಳಿಯಲ್ಲಿ. ಬಸ್ಸು, ಆಟೋ, ಹೊರಗಿನ ಊಟ ಸೇರಿ ದಿನಕ್ಕೆ 200 ಹೋಗುತ್ತದೆ, ಜೊತೆಗೆ ರಸ್ತೆಯಲ್ಲೇ ಮೂರು ಗಂಟೆ. ಅದರ ಬದಲು ಮಾರತಹಳ್ಳಿಯಲ್ಲೇ 500ರ ಬೆಡ್ ಹಿಡಿದು ನಡೆದು ಹೋದರೆ ದುಡ್ಡೂ ಉಳಿಯಿತು, ಮೈಯೂ ಉಳಿಯಿತು. ಒಂದು ದಿನಕ್ಕೆ ಇದು ಗೊತ್ತಾಗುವುದಿಲ್ಲ. ಇಪ್ಪತ್ತು ದಿನ ಆದ ಮೇಲೆ ಬೆನ್ನು ಹೇಳುತ್ತದೆ.

ಕೆಎಎಸ್, ಪಿಎಸ್‌ಐ ಕೋಚಿಂಗಿನವರು ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟ್ ಸುತ್ತ ಹುಡುಕಿ. ಅಲ್ಲಿ ಓದುವ ಹುಡುಗರಿಗಾಗಿಯೇ ನಡೆಸುವ ಜಾಗಗಳಿವೆ, ಪಕ್ಕದ ಬೆಡ್ಡಿನವರೂ ಓದುವವರೇ ಆಗಿರುತ್ತಾರೆ. ವಿಧಾನಸೌಧ, ಎಂ.ಎಸ್. ಬಿಲ್ಡಿಂಗ್, ಹೈಕೋರ್ಟ್ ಕೆಲಸದವರಿಗೆ ಮೆಜೆಸ್ಟಿಕ್, ಗಾಂಧಿನಗರವೇ ಅನುಕೂಲ. ಜಯದೇವ ಹೃದ್ರೋಗ ಆಸ್ಪತ್ರೆಗೆ ಈಗ ಹಳದಿ ಮೆಟ್ರೋ ಬಂದಿದೆ. ಆರ್.ವಿ. ರೋಡ್ ಸ್ಟೇಷನ್ನಲ್ಲಿ ಇಳಿದು ಬದಲಾಯಿಸಿದರೆ ಆಸ್ಪತ್ರೆ ಹೆಸರಿನದೇ ಸ್ಟೇಷನ್ ಸಿಗುತ್ತದೆ. ಹಾಗಾಗಿ ಹಸಿರು ಮೆಟ್ರೋ ದಾರಿಯಲ್ಲಿ ಎಲ್ಲಿ ಬೆಡ್ ಸಿಕ್ಕರೂ ನಡೆಯುತ್ತದೆ. ಕಿದ್ವಾಯಿ, ನಿಮ್ಹಾನ್ಸ್ ಎರಡೂ ಹೊಸೂರು ರಸ್ತೆಯಲ್ಲಿ ಅಕ್ಕಪಕ್ಕ. ವಿಲ್ಸನ್ ಗಾರ್ಡನ್, ಲಕ್ಕಸಂದ್ರ ಕಡೆ ನೋಡಿ.

ಕೋರಮಂಗಲ, ಇಂದಿರಾನಗರದಲ್ಲಿ ಬ್ಯಾಕ್‌ಪ್ಯಾಕರ್ ಹಾಸ್ಟೆಲ್‌ಗಳಿವೆ. ಜೋಸ್ಟೆಲ್ ಥರದವು. ಸ್ವಚ್ಛವಾಗಿರುತ್ತವೆ, ವೈಫೈ ಚೆನ್ನಾಗಿರುತ್ತದೆ, ಕೂತು ಲ್ಯಾಪ್‌ಟಾಪಲ್ಲಿ ಕೆಲಸ ಮಾಡಲು ಜಾಗ ಇರುತ್ತದೆ. ಇಂಟರ್‌ವ್ಯೂಗೆ ಹೋಗುವ ಹುಡುಗ ಹುಡುಗಿಯರಿಗೆ ಒಳ್ಳೆಯದು. ಆದರೆ ಇಂಥ ಕಡೆ ಮೂರು ವಿಷಯ ವಿಚಾರಿಸಿ. ವಯಸ್ಸಿನ ಮಿತಿ ಇದೆಯಾ? ಸತತ ಎಷ್ಟು ರಾತ್ರಿ ಬಿಡುತ್ತಾರೆ? ಬೆಂಗಳೂರು ವಿಳಾಸದ ಐಡಿ ಇದ್ದರೆ ಒಳಗೆ ಬಿಡುತ್ತಾರಾ? ಹಲವು ಕಡೆ ಅದೇ ಊರಿನ ಐಡಿ ಇದ್ದವರಿಗೆ ಬೆಡ್ ಕೊಡುವುದಿಲ್ಲ. ಕಾಲೇಜು ಓದುವಾಗ ಆಧಾರ್ ವಿಳಾಸ ಬೆಂಗಳೂರಿಗೆ ಬದಲಾಯಿಸಿಕೊಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಈ ಸಮಸ್ಯೆ ಬರುತ್ತದೆ. ವೀಕೆಂಡ್ ರೇಟು ಏರುತ್ತದೆ ಅನ್ನುವುದೂ ನೆನಪಿರಲಿ.

ಬಿಎಂಟಿಸಿ ತಿಂಗಳ ಪಾಸ್, ಮೆಟ್ರೋ ಸ್ಮಾರ್ಟ್ ಕಾರ್ಡ್ ಮೊದಲ ದಿನವೇ ಮಾಡಿಸಿಕೊಳ್ಳಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಊರಿಂದ ಬರುವ ಸಾಮಾನ್ಯ ಬಸ್ಸೂ ಉಚಿತ, ಬೆಂಗಳೂರೊಳಗಿನ ಸಾಮಾನ್ಯ ಬಿಎಂಟಿಸಿ ಬಸ್ಸೂ ಉಚಿತ. ಅಮ್ಮ, ಅಕ್ಕ ಆಸ್ಪತ್ರೆಗೆ ಓಡಾಡುವವರಾದರೆ ಏರಿಯಾ ಸ್ವಲ್ಪ ದೂರ ಇದ್ದರೂ ಖರ್ಚಿನ ಲೆಕ್ಕ ಸರಿಹೋಗುತ್ತದೆ.

ತಲುಪುವ ಹೊತ್ತು

ರಾತ್ರಿ ಬಸ್ಸು ಹತ್ತಿದರೆ ಬೆಳಗಿನ ಜಾವ ನಾಲ್ಕು, ಐದಕ್ಕೆ ಮೆಜೆಸ್ಟಿಕ್. ಹಾಸ್ಟೆಲ್‌ಗಳಲ್ಲಿ ಚೆಕ್‌ಇನ್ ಇರುವುದು ಮಧ್ಯಾಹ್ನ. ಅಷ್ಟೂ ಹೊತ್ತು ಬ್ಯಾಗ್ ಹೊತ್ತು ಕೂರಬೇಕಾಗುತ್ತದೆ, ಇಲ್ಲವೇ ಇನ್ನೊಂದು ದಿನದ ದುಡ್ಡು ಕೊಡಬೇಕು. ಮೆಜೆಸ್ಟಿಕ್ ಸುತ್ತಿನ ಹಲವು ಲಾಡ್ಜ್, ಡಾರ್ಮಿಟರಿಗಳಲ್ಲಿ 24 ಗಂಟೆ ಲೆಕ್ಕ ಇರುತ್ತದೆ, ಬೆಳಗಿನ ಐದಕ್ಕೆ ಹೋದರೆ ಮರುದಿನ ಐದರವರೆಗೆ. ಬುಕ್ ಮಾಡುವ ಮೊದಲು ಯಾವ ಲೆಕ್ಕ ಅಂತ ಫೋನ್ ಮಾಡಿ ಕೇಳಿ. ಸಾಧ್ಯವಾದರೆ ಮೊದಲ ಸಲ ದಾವಣಗೆರೆಯಿಂದ ಬೆಳಗಿನ ರೈಲಿಗೇ ಹೋಗಿ, ಬೆಳಕಲ್ಲಿ ಜಾಗ ನೋಡಬಹುದು.

ಬಸ್ಸಲ್ಲಿ ಹೋಗುವವರಿಗೆ ಇನ್ನೊಂದು ಮಾತು. ಹಗಲು ಹೊತ್ತಲ್ಲಿ ಮೆಜೆಸ್ಟಿಕ್ ತನಕ ಕೂರಲೇಬೇಕಿಲ್ಲ. ತುಮಕೂರು ರಸ್ತೆಯ ಮಾದಾವರದಿಂದಲೇ ಹಸಿರು ಮೆಟ್ರೋ ಶುರು. ಬಸ್ಸು ನಿಲ್ಲಿಸಿದರೆ ಅಲ್ಲೋ, ನಾಗಸಂದ್ರದಲ್ಲೋ ಇಳಿದು ಮೆಟ್ರೋ ಹತ್ತಿ. ಗೊರಗುಂಟೆಪಾಳ್ಯದ ಜಾಮ್‌ನಲ್ಲಿ ಸಿಕ್ಕಿಕೊಳ್ಳುವುದು ತಪ್ಪುತ್ತದೆ.

ಒಂದು ರಾತ್ರಿ ಇದ್ದು ನೋಡಿ, ಆಮೇಲೆ ಮಾತಾಡಿ

ಫೋಟೋ ನೋಡಿ ಪೂರ್ತಿ ತಿಂಗಳಿಗೆ ದುಡ್ಡು ಕಟ್ಟಬೇಡಿ. ಆನ್‌ಲೈನಲ್ಲಿ ಒಂದು ರಾತ್ರಿ, ಹೆಚ್ಚೆಂದರೆ ಎರಡು ರಾತ್ರಿ ಬುಕ್ ಮಾಡಿ. ಹೋದ ತಕ್ಷಣ ಬ್ಯಾಗನ್ನು ಹಾಸಿಗೆ ಮೇಲೆ ಇಡಬೇಡಿ, ಬಾಗಿಲ ಹತ್ತಿರವೇ ಇರಲಿ. ಮೊದಲು ತಿಗಣೆ ನೋಡಬೇಕು.

ಬೆಡ್‌ಶೀಟಿನ ಮೂಲೆ ಎತ್ತಿ. ಮೊಬೈಲ್ ಟಾರ್ಚ್ ಹಾಕಿ ಹಾಸಿಗೆಯ ಅಂಚಿನ ಹೊಲಿಗೆ ಉದ್ದಕ್ಕೂ ನೋಡುತ್ತಾ ಬನ್ನಿ. ಪೆನ್ನಿನ ಇಂಕು ಚುಕ್ಕಿ ಇಟ್ಟ ಹಾಗೆ ಕಪ್ಪು ಚುಕ್ಕೆಗಳು ಗುಂಪಾಗಿ ಕಂಡರೆ ಅದು ತಿಗಣೆಯ ಹಿಕ್ಕೆ. ತಲೆದಿಂಬಿನ ಕವರ್ ತೆಗೆದು ಒಳಗಿನ ಮೂಲೆ ನೋಡಿ. ಕಬ್ಬಿಣದ ಬಂಕ್ (ಒಂದರ ಮೇಲೊಂದು ಇರುವ ಮಂಚ) ಆದರೆ ಬೋಲ್ಟ್ ಇರುವ ಕಡೆ, ಪ್ಲೈವುಡ್ ಹಲಗೆ ಇದ್ದರೆ ಎರಡು ಹಲಗೆ ಸೇರುವ ಸಂದಿ, ಗೋಡೆಗೆ ತಾಗಿದ ಬದಿ. ಹಗಲಲ್ಲಿ ಅವು ಇಂಥ ಕಡೆಯೇ ಅಡಗಿರುತ್ತವೆ. ಒಂದು ಕಂಡರೂ ಬೇರೆ ಬೆಡ್ ಕೊಡಿ ಅನ್ನಬೇಡಿ, ಆ ಜಾಗವನ್ನೇ ಬಿಡಿ. ಅದೇ ರೂಮಿನ ಇನ್ನೊಂದು ಬೆಡ್ಡಿಗೆ ಅವು ಬರಲು ಎರಡು ರಾತ್ರಿ ಸಾಕು. ಒಂದು ರಾತ್ರಿಯ ಬಾಡಿಗೆ ಹೋದರೆ ಹೋಗಲಿ. ಊರಿಗೆ ತಿಗಣೆ ತಂದರೆ ಮನೆಮಂದಿಗೆಲ್ಲ ತಿಂಗಳುಗಟ್ಟಲೆ ಗೋಳು.

ಹಾಸಿಗೆ ಆದ ಮೇಲೆ ಬಾತ್‌ರೂಮ್. ಎಷ್ಟು ಬೆಡ್ಡಿಗೆ ಎಷ್ಟು ಟಾಯ್ಲೆಟ್ ಅಂತ ಎಣಿಸಿ. ಎಂಟು ಹತ್ತು ಜನಕ್ಕೆ ಒಂದು ಇದ್ದರೆ ಬೆಳಿಗ್ಗೆ ಏಳರಿಂದ ಎಂಟರವರೆಗೆ ಸಾಲು ಗ್ಯಾರಂಟಿ, ಕ್ಲಾಸಿಗೆ ಹೋಗುವವರಿಗೆ ಅದು ದಿನಾ ಕಿರಿಕಿರಿ. ನಲ್ಲಿ ತಿರುಗಿಸಿ ನೋಡಿ. ಬಿಸಿನೀರು ಎಷ್ಟು ಗಂಟೆಯಿಂದ ಎಷ್ಟರವರೆಗೆ ಅಂತ ಕೇಳಿ. ಬೇಸಿಗೆಯಲ್ಲಿ ಹೋಗುತ್ತಿದ್ದರೆ ನೀರು ಕಾವೇರಿಯದಾ, ಬೋರಿನದಾ, ಟ್ಯಾಂಕರಿನದಾ ಅಂತಲೂ ಕೇಳಿ. 2024ರ ಮಾರ್ಚಿನಲ್ಲಿ ಬೆಂಗಳೂರಿನ ಎಷ್ಟೋ ಕಡೆ ಬೋರು ಬತ್ತಿ ಟ್ಯಾಂಕರಿಗೆ ಕಾಯಬೇಕಾಗಿತ್ತು.

ಲಾಕರ್ ಇದೆಯಾ, ಅದರೊಳಗೆ ನಿಮ್ಮ ಬ್ಯಾಗ್ ಹಿಡಿಯುತ್ತಾ ನೋಡಿ. ಬೀಗ ಹಾಕುವ ತೂತು ಹಲವು ಕಡೆ ಚಿಕ್ಕದಿರುತ್ತದೆ, ಮನೆಯ ದಪ್ಪ ಬೀಗದ ಕೊಂಡಿ ಅದರಲ್ಲಿ ತೂರುವುದೇ ಇಲ್ಲ. ಸಣ್ಣ ಕೊಂಡಿಯ ನಂಬರ್ ಬೀಗ ಒಂದನ್ನು ಊರಲ್ಲೇ ಕೊಂಡು ಹೋಗಿ. ಬೆಡ್ ಪಕ್ಕ ಪ್ಲಗ್ ಪಾಯಿಂಟ್ ಇದೆಯಾ, ಅದು ಕೆಲಸ ಮಾಡುತ್ತಾ, ಚಾರ್ಜರ್ ಹಾಕಿಯೇ ನೋಡಿ.

ಇನ್ನು ಬೆಂಕಿ. ಇದನ್ನು ಯಾರೂ ನೋಡುವುದಿಲ್ಲ, ನೀವು ನೋಡಿ. ಇಳಿಯಲು ಎರಡು ದಾರಿ ಇದೆಯಾ, ಮೆಟ್ಟಿಲ ಮೇಲೆ ಗ್ಯಾಸ್ ಸಿಲಿಂಡರ್, ಹಳೆ ಹಾಸಿಗೆ ಪೇರಿಸಿದ್ದಾರಾ, ರಾತ್ರಿ ಹೊರಬಾಗಿಲಿಗೆ ಬೀಗ ಹಾಕಿದರೆ ಕೀ ಯಾರ ಹತ್ತಿರ ಇರುತ್ತದೆ. ಒಂದೇ ಕಿರಿದಾದ ಮೆಟ್ಟಿಲು, ಕಿಟಕಿಗೆಲ್ಲ ಸರಳು, ರಾತ್ರಿ ಬೀಗ, ಇವು ಮೂರೂ ಸೇರಿದ್ದ ಜಾಗದಲ್ಲಿ ಎಷ್ಟು ಅಗ್ಗವಾದರೂ ಮಲಗಬೇಡಿ. ರೂಮಲ್ಲಿ ಜನ ಎಷ್ಟು ಒತ್ತಾಗಿದ್ದಾರೆ ಅಂತ ಅಳೆಯಲು ಒಂದು ಅಳತೆ ಇದೆ: 2024ರಲ್ಲಿ ಬಿಬಿಎಂಪಿ ಪಿಜಿಗಳಿಗೆ ಹಾಕಿದ ನಿಯಮದಲ್ಲಿ ಒಬ್ಬರಿಗೆ ಕನಿಷ್ಠ 70 ಚದರ ಅಡಿ ಜಾಗ ಇರಬೇಕು ಅಂತಿತ್ತು. ಡಾರ್ಮಿಟರಿಯಲ್ಲಿ ಅಷ್ಟು ಸಿಗುವುದು ಕಷ್ಟವೇ. ಆದರೆ ಎರಡು ಮಂಚದ ನಡುವೆ ಅಡ್ಡ ತಿರುಗಿ ನಡೆಯಬೇಕಾದಷ್ಟು ಇಕ್ಕಟ್ಟಾದರೆ ತಿಂಗಳು ಇರುವುದು ಆಗದ ಮಾತು.

ರೇಟು ಮಾತಾಡುವುದು

ಮೊದಲ ರಾತ್ರಿ ಸರಿ ಅನಿಸಿದರೆ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಗದ್ದಲ ಕಡಿಮೆ ಇರುವಾಗ, ಮ್ಯಾನೇಜರ್ ಹತ್ತಿರ ಮಾತಾಡಿ. ಆ್ಯಪಿನಲ್ಲಿ ಬುಕ್ ಮಾಡಿದರೆ ಅವರಿಗೆ ಕಮಿಷನ್ ಹೋಗುತ್ತದೆ, ನೇರವಾಗಿ ಕೊಟ್ಟರೆ ಅದು ಉಳಿಯುತ್ತದೆ. ಅದಕ್ಕೇ ಕಡಿಮೆ ಮಾಡುತ್ತಾರೆ. ಸುಮ್ನೆ "ಕಡಿಮೆ ಮಾಡಿ" ಅಂದರೆ ಆಗುವುದಿಲ್ಲ. ದಿನ ಹೇಳಿ ಕೇಳಿ: "ಸರ್, ಇಪ್ಪತ್ತು ದಿನ ಇರ್ತೀನಿ. ವಾರಕ್ಕೊಮ್ಮೆ ಮುಂಚೆನೇ ಕೊಡ್ತೀನಿ. ದಿನಕ್ಕೆ ಎಷ್ಟಕ್ಕೆ ಹಾಕ್ತೀರಾ?" ದುಡ್ಡನ್ನು ವಾರ ವಾರಕ್ಕೆ ಕೊಡುವುದೇ ಒಳ್ಳೆಯದು. ಡಾಕ್ಟರು ಬೇಗ ಡಿಸ್ಚಾರ್ಜ್ ಮಾಡಬಹುದು, ಕೋರ್ಟಲ್ಲಿ ಡೇಟ್ ಮುಂದಕ್ಕೆ ಹೋಗಬಹುದು. ಒಂದೇ ಸಲ ತಿಂಗಳದ್ದು ಕಟ್ಟಿದರೆ ವಾಪಸ್ ಪಡೆಯುವುದು ದೊಡ್ಡ ತಲೆನೋವು.

ಮಾತಾಡಿಕೊಂಡ ರೇಟು, ಶನಿವಾರ ಭಾನುವಾರಕ್ಕೂ ಅದೇನಾ, ಬೆಡ್‌ಶೀಟ್ ಎಷ್ಟು ದಿನಕ್ಕೊಮ್ಮೆ ಬದಲಾಯಿಸುತ್ತಾರೆ, ಮಧ್ಯೆ ಎರಡು ದಿನ ಊರಿಗೆ ಹೋಗಿಬಂದರೆ ಬೆಡ್ ಇಟ್ಟಿರುತ್ತಾರಾ, ಆ ಎರಡು ದಿನಕ್ಕೆ ಬಾಡಿಗೆ ಇದೆಯಾ, ಇಷ್ಟನ್ನೂ ವಾಟ್ಸಾಪಲ್ಲಿ ಒಂದು ಮೆಸೇಜ್ ಮಾಡಿ "ಓಕೆ" ಅನ್ನಿಸಿಕೊಳ್ಳಿ. ಬೆಳಿಗ್ಗೆ ಒಬ್ಬ ಮ್ಯಾನೇಜರ್, ರಾತ್ರಿ ಇನ್ನೊಬ್ಬ. ಬಾಯಿಮಾತು ರಾತ್ರಿಯವನಿಗೆ ಗೊತ್ತಿರುವುದಿಲ್ಲ. ದುಡ್ಡು ಯುಪಿಐನಲ್ಲಿ ಕೊಡಿ, ರಸೀದಿ ಕೇಳಿ.

ಐಡಿ ಒರಿಜಿನಲ್ ತೋರಿಸಬೇಕು, ಅದು ಸರಿ. ಆದರೆ ಒರಿಜಿನಲ್ ಆಧಾರನ್ನು ಅವರ ಹತ್ತಿರ ಇಟ್ಟುಕೊಳ್ಳಲು ಬಿಡಬೇಡಿ. ಜೆರಾಕ್ಸ್ ಕೇಳಿದರೆ ಮಾಸ್ಕ್ಡ್ ಆಧಾರ್ ಕೊಡಿ, ಯುಐಡಿಎಐ ವೆಬ್‌ಸೈಟಲ್ಲಿ ಉಚಿತವಾಗಿ ಸಿಗುತ್ತದೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತದೆ. ಜೆರಾಕ್ಸ್ ಮೇಲೆ ದಿನಾಂಕ, "ವಸತಿಗಾಗಿ ಮಾತ್ರ" ಅಂತ ಬರೆದು ಸಹಿ ಮಾಡಿ.

ಬ್ಯಾಗಲ್ಲಿ ಏನಿರಬೇಕು

ಜಾಸ್ತಿ ಬೇಡ. ನಾಲ್ಕು ಜೊತೆ ಬಟ್ಟೆ, ಬೇಗ ಒಣಗುವ ತೆಳು ಟವೆಲ್, ಸ್ವಂತ ಬೆಡ್‌ಶೀಟ್, ಹೊದಿಕೆ, ಬಾತ್‌ರೂಮಿಗೆ ಬೇರೆ ಚಪ್ಪಲಿ, ಎರಡು ಗಜ ನೈಲಾನ್ ಹಗ್ಗ, ಕಿವಿಗೆ ಹಾಕುವ ಇಯರ್‌ಪ್ಲಗ್. ಇಯರ್‌ಪ್ಲಗ್ ಮಾತ್ರ ಮರೆಯಲೇಬೇಡಿ, ಗೊರಕೆ ಹೊಡೆಯುವವರು ಪ್ರತಿ ರೂಮಲ್ಲೂ ಒಬ್ಬರಾದರೂ ಇರುತ್ತಾರೆ. ಸಾಮಾನನ್ನು ಪ್ಲಾಸ್ಟಿಕ್ ಕವರಲ್ಲಿ ಕಟ್ಟಬೇಡಿ, ಬಟ್ಟೆ ಚೀಲದಲ್ಲಿ ಹಾಕಿ. ಬೆಳಗಿನ ಐದಕ್ಕೆ ಆ ಕವರ್ ಬಿಚ್ಚುವ ಪರಪರ ಸದ್ದಿಗೆ ಇಡೀ ರೂಮು ಏಳುತ್ತದೆ.

ಊಟದ ಲೆಕ್ಕವೂ ಇಲ್ಲೇ ಹೇಳಿಬಿಡುತ್ತೇನೆ. ಮನೆಯಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದಿಷ್ಟು ಮಂಡಕ್ಕಿ ಕಟ್ಟಿಸಿಕೊಂಡು ಹೋದರೆ ರಾತ್ರಿ ಊಟದ ಖರ್ಚು ಎಷ್ಟೋ ದಿನ ಉಳಿಯುತ್ತದೆ, ಬರೀ ಮೊಸರು ಕೊಂಡರೆ ಸಾಕು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ, ಇಲ್ಲದಿದ್ದರೆ ಇರುವೆ, ಜಿರಳೆ ಎಲ್ಲ ನಿಮ್ಮ ಬೆಡ್ಡಿಗೇ ಬರುತ್ತವೆ. ಇಂದಿರಾ ಕ್ಯಾಂಟೀನಲ್ಲಿ 5 ರೂಪಾಯಿಗೆ ತಿಂಡಿ, 10ಕ್ಕೆ ಊಟ. ದೊಡ್ಡ ಸರ್ಕಾರಿ ಆಸ್ಪತ್ರೆಗಳ ಸುತ್ತಮುತ್ತ ವಿಚಾರಿಸಿದರೆ ಸಿಗುತ್ತದೆ, ಆದರೆ ಹೊತ್ತಿಗೆ ಸರಿಯಾಗಿ ಹೋಗಬೇಕು.

ಬಂಕಿನಲ್ಲಿ ಕೆಳಗಿನದು ಸಿಗುವುದಾದರೆ ಅದನ್ನೇ ಹಿಡಿಯಿರಿ. ಮೇಲಿನದರಲ್ಲಿ ಫ್ಯಾನ್ ಗಾಳಿ ಚೆನ್ನಾಗಿ ಬರುತ್ತದೆ, ನಿಜ, ಆದರೆ ರಾತ್ರಿ ಎದ್ದು ಇಳಿಯಬೇಕಾದವರಿಗೆ, ಐವತ್ತು ದಾಟಿದವರಿಗೆ ಅದು ಬೇಡವೇ ಬೇಡ. ಫೋನ್ ಮಾತು ಹೊರಗೆ ಹೋಗಿ ಆಡಿ. ರಾತ್ರಿ ಹತ್ತರ ಮೇಲೆ ಲೈಟ್ ಹಾಕಬೇಡಿ. ಪಕ್ಕದ ಬೆಡ್ಡಿನವರ ಹೆಸರು, ಊರು ಮೊದಲ ದಿನವೇ ಕೇಳಿ ಮಾತಾಡಿಸಿ. ಪರಿಚಯ ಆದರೆ ನೀವು ಸ್ನಾನಕ್ಕೆ ಹೋದಾಗ ನಿಮ್ಮ ಸಾಮಾನಿನ ಮೇಲೆ ಅವರದ್ದೂ ಒಂದು ಕಣ್ಣು ಇರುತ್ತದೆ. ಹಾಗಂತ ಒಡವೆ, ಜಾಸ್ತಿ ದುಡ್ಡು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ತರಲೇಬೇಡಿ. ಮಾರ್ಕ್ಸ್ ಕಾರ್ಡ್ ಬೇಕಾದ ದಿನ ಊರಿಂದ ತರಿಸಿಕೊಳ್ಳಿ, ಅಥವಾ ಡಿಜಿಲಾಕರಲ್ಲಿ ತೋರಿಸಿದರೆ ನಡೆಯುತ್ತಾ ಕೇಳಿ.

ಹೆಣ್ಣುಮಕ್ಕಳಿಗೆ

ಮಹಿಳೆಯರಿಗೇ ಬೇರೆ ಡಾರ್ಮ್ ಇರುವ ಜಾಗವನ್ನೇ ನೋಡಿ, ಬಾತ್‌ರೂಮೂ ಬೇರೆಯೇ ಇದೆಯಾ ಖಚಿತ ಮಾಡಿಕೊಳ್ಳಿ. ಒಳಗಿಂದ ಚಿಲಕ ಗಟ್ಟಿಯಾಗಿರಬೇಕು, ರಾತ್ರಿ ರಿಸೆಪ್ಷನ್ನಲ್ಲಿ ಯಾರಾದರೂ ಎಚ್ಚರ ಇರಬೇಕು. ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್‌ಗಳಲ್ಲಿ ಕೆಲವು ಕಡೆ ಖಾಲಿ ಬೆಡ್ ಇದ್ದರೆ ಕಡಿಮೆ ದಿನಕ್ಕೂ ಕೊಡುತ್ತಾರೆ, ಫೋನ್ ಮಾಡಿ ಕೇಳುವುದರಲ್ಲಿ ನಷ್ಟ ಇಲ್ಲ. ಗೂಗಲ್ ರಿವ್ಯೂ ಓದುವಾಗ ಹೆಂಗಸರು ಬರೆದದ್ದನ್ನೇ ಹುಡುಕಿ ಓದಿ, ಅದರಲ್ಲೂ ಈಚಿನದು. ಬಸ್ ಸ್ಟಾಪಿನಿಂದ ಡಾರ್ಮಿಟರಿವರೆಗಿನ ದಾರಿಯನ್ನು ರಾತ್ರಿ ಎಂಟಕ್ಕೆ ಒಮ್ಮೆ ನಡೆದು ನೋಡಿ. ಹಗಲಲ್ಲಿ ಗಿಜಿಗುಡುವ ಎಷ್ಟೋ ರಸ್ತೆ ಅಂಗಡಿ ಮುಚ್ಚಿದ ಮೇಲೆ ಬಿಕೋ ಅನ್ನುತ್ತದೆ.

ಆಸ್ಪತ್ರೆಗೆ ಬಂದವರು ಇದನ್ನು ತಪ್ಪದೆ ಓದಿ

ಡಾರ್ಮಿಟರಿ ರೋಗಿಯ ಜೊತೆ ಬಂದವರಿಗೆ ಸರಿ, ರೋಗಿಗೆ ಸರಿಯಲ್ಲ. ಕೀಮೋ ಆದವರ ಮೈಯಲ್ಲಿ ಸೋಂಕು ತಡೆಯುವ ಶಕ್ತಿ ಕಡಿಮೆ ಆಗಿರುತ್ತದೆ. ಹತ್ತು ಜನ ಕೆಮ್ಮುವ ರೂಮು, ಎಲ್ಲರೂ ಬಳಸುವ ಟಾಯ್ಲೆಟ್ ಅವರಿಗೆ ಅಪಾಯ. ಆಪರೇಷನ್ ಆಗಿ ಗಾಯ ಮಾಗದವರಿಗೂ ಹಾಗೇ. ದುಡ್ಡು ಉಳಿಸಲು ಹೋಗಿ ಅವರನ್ನು ಅಲ್ಲಿ ಮಲಗಿಸಬೇಡಿ. ಕಿದ್ವಾಯಿ, ನಿಮ್ಹಾನ್ಸ್‌ನಲ್ಲಿ ರೋಗಿಗಳಿಗೆ, ಜೊತೆಯವರಿಗೆ ಅಂತಲೇ ಧರ್ಮಶಾಲೆ ಇದೆ. ಒಪಿಡಿ ಚೀಟಿ ಹಿಡಿದು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನು ಮೊದಲ ದಿನವೇ ಭೇಟಿ ಮಾಡಿ ಹೆಸರು ಬರೆಸಿ. ಜಾಗ ಖಾಲಿ ಇಲ್ಲ ಅಂದರೂ ಎರಡು ದಿನಕ್ಕೊಮ್ಮೆ ಹೋಗಿ ಕೇಳುತ್ತಿರಿ, ಡಿಸ್ಚಾರ್ಜ್ ಆದ ಹಾಗೆ ಖಾಲಿ ಆಗುತ್ತಿರುತ್ತದೆ. ಅಲ್ಲಿ ಸಿಗುವ ತನಕ ರೋಗಿಗೆ ಸಣ್ಣದೊಂದು ರೂಮ್ ಮಾಡಿ, ಜೊತೆಗೆ ಒಬ್ಬರು ಮಾತ್ರ ಇದ್ದು, ಉಳಿದವರು ಡಾರ್ಮಿಟರಿಯಲ್ಲಿ ಇರಿ. ಇಬ್ಬರು ಅಣ್ಣತಮ್ಮಂದಿರು ಇದ್ದರೆ ವಾರಕ್ಕೊಬ್ಬರಂತೆ ಸರದಿ ಮಾಡಿಕೊಂಡು ಒಂದೇ ಬೆಡ್ ಮುಂದುವರಿಸಬಹುದು. ಆದರೆ ಬಂದವರು ತಮ್ಮ ಐಡಿ ಕೊಟ್ಟು ರಿಜಿಸ್ಟರಲ್ಲಿ ಹೆಸರು ಬದಲಾಯಿಸಬೇಕು.

ಬಿಡುವ ದಿನ

ಹಿಂದಿನ ರಾತ್ರಿಯೇ ಲೆಕ್ಕ ಚುಕ್ತಾ ಮಾಡಿ. ಕೀ ಡೆಪಾಸಿಟ್ ಕೊಟ್ಟಿದ್ದರೆ ವಾಪಸ್ ಇಸ್ಕೊಳ್ಳಿ. ದಿಂಬಿನ ಕೆಳಗೆ, ಪ್ಲಗ್ಗಿನಲ್ಲಿ, ಲಾಕರಿನ ಹಿಂದಿನ ಮೂಲೆಯಲ್ಲಿ ನೋಡಿ, ಜನ ಚಾರ್ಜರ್ ಬಿಟ್ಟುಬರುವುದು ಇಲ್ಲೇ. ಊರಿಗೆ ಬಂದ ಮೇಲೆ ಬ್ಯಾಗನ್ನು ನೇರ ಮಲಗುವ ಕೋಣೆಗೆ ಒಯ್ಯಬೇಡಿ. ಬಟ್ಟೆ, ಬೆಡ್‌ಶೀಟ್ ಎಲ್ಲ ಕುದಿಯುವಷ್ಟು ಬಿಸಿನೀರಿನಲ್ಲಿ ನೆನೆಹಾಕಿ ಒಗೆಯಿರಿ, ಖಾಲಿ ಬ್ಯಾಗಿನ ಹೊಲಿಗೆಗಳನ್ನು ಟಾರ್ಚಲ್ಲಿ ನೋಡಿ ಮಾಳಿಗೆ ಮೇಲೆ ಬಿಸಿಲಿಗೆ ಇಡಿ. ಜಾಗ ಚೆನ್ನಾಗಿತ್ತು ಅಂದರೆ ಮ್ಯಾನೇಜರ್ ನಂಬರನ್ನು ಏರಿಯಾ ಹೆಸರಿನ ಜೊತೆ ಸೇವ್ ಮಾಡಿಕೊಳ್ಳಿ. ಮುಂದಿನ ಫಾಲೋಅಪ್ ಡೇಟ್ ಗೊತ್ತಾದ ತಕ್ಷಣ ಅವರಿಗೆ ನೇರ ಫೋನ್ ಮಾಡಿ, ಹಿಂದಿನ ಸಲದ ರೇಟು ಹೇಳಿ ಅದೇ ಕೆಳಗಿನ ಬೆಡ್ ಕೇಳಿ.